ಅಡ್ವಾನ್ಸ್ ರಸ್ತೆಗೆ, ಬ್ಯಾಲೆನ್ಸ್ ಯಾರಿಗೆ?

ಸಂಪಾದಕರಿಗೆ,

ಹೆದ್ದಾರಿಯ ಸರ್ವಿಸ್ ರಸ್ತೆಗಳಲ್ಲಿ, ಮಂಡ್ಯ ಎಪಿಎಂಸಿ ಆಸುಪಾಸಿನಲ್ಲಿ, ಮೈಸೂರಿನ ಬಂಡೀಪಾಳ್ಯ ಮಾರುಕಟ್ಟೆ ಎದುರು ಲಾರಿಗಳು ದಿನಗಟ್ಟಲೆ ನಿಂತು ಓಡಾಟಕ್ಕೆ ತೊಂದರೆ ಕೊಡುತ್ತವೆ ಎಂಬ ದೂರು ಓದುಗರ ಅಂಕಣದಲ್ಲಿ ಆಗಾಗ ಕಾಣುತ್ತದೆ. ದೂರು ಸುಳ್ಳಲ್ಲ. ಆದರೆ ಹಾಗೆ ನಿಂತವೆಲ್ಲ ಲೋಡ್ ಸಿಗದೆ ನಿಂತ ಲಾರಿಗಳಲ್ಲ. ಹೋದ ಟ್ರಿಪ್ಪಿನ ದುಡ್ಡು ಕೈಸೇರದೆ, ಮುಂದಿನ ಟ್ರಿಪ್ಪಿಗೆ ಡೀಸೆಲ್ ಹಾಕಿಸಲಾಗದೆ ನಿಂತವೂ ಅವುಗಳಲ್ಲಿವೆ. ಈ ಪತ್ರಕ್ಕೆ ಸಹಿ ಹಾಕಿದವರಲ್ಲಿ ಲಾರಿ ಮಾಲೀಕರೂ ಇದ್ದೇವೆ, ಬುಕಿಂಗ್ ಆಫೀಸ್ ನಡೆಸುವವರೂ ಇದ್ದೇವೆ. ದಿನಾ ಒಬ್ಬರನ್ನೊಬ್ಬರು ಬೈದುಕೊಳ್ಳುವವರೇ ಕೂತು ಬರೆದದ್ದರಿಂದ ಎರಡೂ ಕಡೆಯ ಲೆಕ್ಕ ಇದರಲ್ಲಿದೆ.

ಮೊದಲು ವ್ಯವಹಾರದ ಕ್ರಮ. ಮಂಡ್ಯದ ಬೆಲ್ಲದ ಮಂಡಿ, ಮದ್ದೂರಿನ ಅಕ್ಕಿ ಗಿರಣಿ, ಎಳನೀರು ಮಾರುಕಟ್ಟೆ, ನಂಜನಗೂಡು, ಹೆಬ್ಬಾಳು, ಕೂರ್ಗಳ್ಳಿಯ ಕಾರ್ಖಾನೆ, ಎಲ್ಲಿಂದ ಮಾಲು ಹೊರಟರೂ ಲಾರಿ ಹುಡುಕಿಕೊಡುವುದು ಟ್ರಾನ್ಸ್‌ಪೋರ್ಟ್ ಆಫೀಸು ಅಥವಾ ಬ್ರೋಕರ್. ರೇಟು ಫೋನಿನಲ್ಲೇ ಕುದುರುತ್ತದೆ. ಲೋಡ್ ಆದ ಮೇಲೆ ಬಾಡಿಗೆಯ ಮುಕ್ಕಾಲು ಭಾಗವೋ ಶೇ 80ರಷ್ಟೋ ಅಡ್ವಾನ್ಸ್ ಸಿಗುತ್ತದೆ. ಉಳಿದದ್ದು ಬ್ಯಾಲೆನ್ಸ್. ಮಾಲು ಇಳಿಸಿ, ಇಳಿಸಿಕೊಂಡವರ ಸಹಿ-ಮೊಹರು ಹಾಕಿಸಿದ ಎಲ್‌ಆರ್ (ಲಾರಿ ರಸೀದಿ) ಪ್ರತಿ, ಅಂದರೆ ಮಾಲು ತಲುಪಿದ ಪುರಾವೆಯಾದ ಪಿಒಡಿ, ತಂದುಕೊಟ್ಟ ಮೇಲೆ ಅದು ಬರಬೇಕು. ಮಂಡಿ ಮಾಲಿನಲ್ಲಿ 'ಟು ಪೇ' ಪದ್ಧತಿಯೂ ಉಂಟು. ಅಲ್ಲಿ ಬ್ಯಾಲೆನ್ಸ್ ಕೊಡುವವನು ಮಾಲು ಇಳಿಸಿಕೊಳ್ಳುವ ವ್ಯಾಪಾರಿ. ಕಾರ್ಖಾನೆ ಮಾಲಿನಲ್ಲಿ ತಿಂಗಳ ಬಿಲ್ಲು.

ಒಂದು ಲೆಕ್ಕ ಹಾಕಿ ನೋಡೋಣ. ಹತ್ತು ಚಕ್ರದ ಲಾರಿ, ಮಂಡ್ಯದಿಂದ ಅಹಮದಾಬಾದಿಗೆ 18 ಟನ್ ಬೆಲ್ಲ, ಒಟ್ಟು ಬಾಡಿಗೆ 80,000 ರೂ. ಎಂದಿಟ್ಟುಕೊಳ್ಳಿ. ಅಡ್ವಾನ್ಸ್ 64,000. ಅದರಲ್ಲೇ ಕಮಿಷನ್ 2,000 ಹಿಡಿದು ಕೈಗೆ ಬರುವುದು 62,000. ದಾರಿ 1,500 ಕಿ.ಮೀ. ಲೋಡ್ ಲಾರಿ ಲೀಟರಿಗೆ 4 ಕಿ.ಮೀ. ಕೊಟ್ಟರೆ 375 ಲೀಟರ್, 90 ರೂ.ನಂತೆ 33,750. ಟೋಲ್ 9,000. ಡ್ರೈವರ್ ಬಾಟಾ, ಊಟ 6,000. ಹಮಾಲಿ, ಟಾರ್ಪಾಲು ಕಟ್ಟಿದ್ದು 1,500. ಯಾವ ಚೀಟಿಯಲ್ಲೂ ಬರೆಯಲಾಗದ ದಾರಿ ಖರ್ಚು 2,000. ಒಟ್ಟು 52,250. ಅಡ್ವಾನ್ಸ್‌ನಲ್ಲಿ ಉಳಿದದ್ದು 9,750. ಬ್ಯಾಂಕಿನ ಕಂತು, ಇನ್ಸೂರೆನ್ಸ್, ಟೈರು, ಎಫ್‌ಸಿ (ಲಾರಿ ಓಡಲು ಯೋಗ್ಯ ಎಂಬ ಪತ್ರ), ರಸ್ತೆ ತೆರಿಗೆ, ಮನೆ ಖರ್ಚು ಎಲ್ಲ ಇದರಿಂದ ಮತ್ತು ಬರಬೇಕಾದ 16,000 ಬ್ಯಾಲೆನ್ಸ್‌ನಿಂದಲೇ ಆಗಬೇಕು. ಅಂದರೆ ಮಾಲೀಕನ ಪಾಲಿಗೆ ಸೇರಬೇಕಾದ್ದರಲ್ಲಿ ಹೆಚ್ಚಿನ ಭಾಗ ಬ್ಯಾಲೆನ್ಸ್‌ನಲ್ಲೇ ಕೂತಿದೆ. ಅಡ್ವಾನ್ಸ್ ಏನಿದ್ದರೂ ರಸ್ತೆಯದು. ಬ್ಯಾಲೆನ್ಸ್ ಮಾತ್ರ ಮಾಲೀಕನದು. "ಶೇ 20 ತಾನೇ, ಎಲ್ಲಿಗೆ ಹೋಗುತ್ತೆ ಅಣ್ಣ" ಎನ್ನುವವರಿಗೆ ಈ ಲೆಕ್ಕ ಗೊತ್ತಿಲ್ಲವೆಂದಲ್ಲ.

ಈಗ ಮೇಜಿನ ಆ ಕಡೆಯ ಲೆಕ್ಕ. ಒಬ್ಬ ಬ್ರೋಕರ್ ಒಂದು ಕಾರ್ಖಾನೆಗೆ ತಿಂಗಳಿಗೆ ಇದೇ ಬಾಡಿಗೆಯ 40 ಲಾರಿ ಹಾಕುತ್ತಾನೆ. ಲಾರಿಗೆ 62,000ದಂತೆ ತಿಂಗಳಿಗೆ 24.8 ಲಕ್ಷ ತನ್ನ ಕೈಯಿಂದ ಕೊಡುತ್ತಾನೆ. ಕಾರ್ಖಾನೆ ಬಿಲ್ಲು ಪಾಸು ಮಾಡುವುದು 60 ದಿನಕ್ಕೆ. ಹಾಗಾಗಿ ಯಾವತ್ತೂ 49.6 ಲಕ್ಷ ಹೊರಗೇ ಇರುತ್ತದೆ. ಆ ದುಡ್ಡಿಗೆ ತಿಂಗಳಿಗೆ ನೂರಕ್ಕೆ ಒಂದೂವರೆ ರೂಪಾಯಿ ಬಡ್ಡಿ ಹಿಡಿದರೂ 74,400. 40 ಲಾರಿಯ ಕಮಿಷನ್ 80,000. ಉಳಿದ 5,600ರಲ್ಲಿ ಆಫೀಸ್ ಬಾಡಿಗೆ, ಗುಮಾಸ್ತನ ಸಂಬಳ, ಫೋನು. ಇದರಲ್ಲಿ ಯಾರೂ ಅಂಗಡಿ ನಡೆಸಲಾರರು. ಹಾಗಾಗಿ ಬ್ರೋಕರ್ ಎರಡರಲ್ಲಿ ಒಂದು ಮಾಡುತ್ತಾನೆ: ಕಾರ್ಖಾನೆಗೆ ಹೇಳಿದ ರೇಟಿಗೂ ಲಾರಿಗೆ ಹೇಳಿದ ರೇಟಿಗೂ ನಡುವೆ ಅಂತರ ಇಟ್ಟುಕೊಳ್ಳುತ್ತಾನೆ, ಇಲ್ಲವೇ ಲಾರಿಯವರ ಬ್ಯಾಲೆನ್ಸ್ ಹಿಡಿದಿಟ್ಟುಕೊಂಡು ಅದರಲ್ಲೇ ಮುಂದಿನ ಲಾರಿಗೆ ಅಡ್ವಾನ್ಸ್ ಕೊಡುತ್ತಾನೆ. ಎರಡನೆಯದು ಲಾರಿ ಮಾಲೀಕರಿಂದ ಬಡ್ಡಿಯಿಲ್ಲದೆ, ಕೇಳದೆ ತೆಗೆದುಕೊಂಡ ಸಾಲ. "ಪಾರ್ಟಿಯಿಂದ ಬಂದಿಲ್ಲ ಅಣ್ಣ, ಸೋಮವಾರ ನೋಡೋಣ" ಎಂಬ ಮಾತು ಸುಳ್ಳೇ ಇರಬೇಕೆಂದಿಲ್ಲ. ಆದರೆ ಯಾವ ಸೋಮವಾರ ಎಂದು ಬರೆದ ಕಾಗದ ಇಲ್ಲದಿದ್ದರೆ ಅದು ನಿಜವೋ ಸುಳ್ಳೋ ತಿಳಿಯುವ ದಾರಿಯೂ ಇಲ್ಲ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆಯನ್ನು ನಮ್ಮ ಕಡೆ ಕೈಸಾಲಕ್ಕೆ ಹೇಳುತ್ತಾರೆ. ಬ್ಯಾಲೆನ್ಸ್‌ಗೂ ಅದೇ.

ದುಡ್ಡು ಬರುವುದು ತಡವಾದರೂ ಪೂರ್ತಿ ಬಂದರೆ ಸಹಿಸಬಹುದು. ಜಗಳ ಹೆಚ್ಚಾಗಿ ಕಡಿತದ್ದು. ಶಾರ್ಟೇಜ್, ಡ್ಯಾಮೇಜ್, ಲೇಟ್, ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ), ಪಿಒಡಿ ಖರ್ಚು ಎಂದು 16,000 ಇದ್ದದ್ದು 11,000 ಆಗುತ್ತದೆ. ಇದರಲ್ಲಿ ಬಹಳಷ್ಟು ಹುಟ್ಟುವುದು ಪಿಒಡಿಯ ಮೇಲಿನ ಒಂದೂವರೆ ಇಂಚು ಜಾಗದಲ್ಲಿ.

ಎಲ್‌ಆರ್‌ನ ಕೆಳಭಾಗದಲ್ಲಿ ಇಳಿಸಿಕೊಂಡವರು ಸಹಿ ಹಾಕುವ ಜಾಗ ಇರುತ್ತದಲ್ಲ, ಅಲ್ಲಿ ದೊಡ್ಡ ಗೋದಾಮಿನವರು ರಬ್ಬರ್ ಮೊಹರು ಒತ್ತುತ್ತಾರೆ. ಮೊಹರಿನೊಳಗೆ ಕಂಪನಿ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಪರಿಶೀಲನೆಗೆ ಒಳಪಟ್ಟು' ಎಂಬರ್ಥದ ಇಂಗ್ಲಿಷ್ ಸಾಲು. ಡ್ರೈವರ್ ಅದನ್ನು ಓದುವುದಿಲ್ಲ, ಮೊಹರು ಬಿತ್ತು ಎಂದು ಮಡಿಚಿ ಸನ್ ವೈಸರ್ ಹಿಂದೆ ಸಿಕ್ಕಿಸುತ್ತಾನೆ. ಆ ಒಂದು ಸಾಲಿನ ಬಲದಿಂದ ಹದಿನೈದು ದಿನದ ನಂತರ 'ಆರು ಮೂಟೆ ಹಸಿ' ಎಂದು ಕಡಿತ ಬಂದರೆ ಹೇಳುವುದಕ್ಕೆ ಏನೂ ಇರುವುದಿಲ್ಲ. ಆ ಮೊಹರು ತಪ್ಪಿಸುವುದು ಡ್ರೈವರ್ ಕೈಯಲ್ಲಿಲ್ಲ. ಆದರೆ ಅದರ ಪಕ್ಕದಲ್ಲೇ 'ಇಷ್ಟು ಮೂಟೆ ಎಣಿಸಿ ಇಳಿಸಿದೆ, ಹಸಿ ಇಲ್ಲ, ಹರಿದದ್ದು ಇಲ್ಲ' ಎಂದು ಕೈಬರಹದಲ್ಲಿ ಬರೆಸಿ, ಬರೆದವನ ಹೆಸರು, ತಾರೀಖು, ಗಂಟೆ ಹಾಕಿಸಬಹುದು. ಬರೆದುಕೊಡುವುದಿಲ್ಲ ಎಂದರೆ ಖಾಲಿಯಾದ ಲಾರಿಯ ಒಳಗಿನ ಹಲಗೆ ಒಣಗಿರುವುದು ಕಾಣುವ ಹಾಗೆ, ಗೋದಾಮಿನ ಬೋರ್ಡು ಬರುವ ಹಾಗೆ ಎರಡು ಫೋಟೊ ತೆಗೆದು ಅಲ್ಲಿಂದಲೇ ಬ್ರೋಕರ್‌ಗೆ ಕಳಿಸಬೇಕು. ಪಿಒಡಿಯ ಎರಡೂ ಬದಿಯ ಫೋಟೊ ಕೂಡ ಆಗಲೇ ಹೋಗಲಿ. ಹಿಂಬದಿಯಲ್ಲಿ ಆಮೇಲೆ ಏನಾದರೂ ಬರೆದುಕೊಂಡರೆ ಹಿಡಿಯಲು ಅದೊಂದೇ ದಾರಿ. ಮೂಲ ಪ್ರತಿಯನ್ನು ಕೊಡುವಾಗ ಆಫೀಸಿನವರ ಸಹಿ ಇರುವ ಜೆರಾಕ್ಸ್ ಇಟ್ಟುಕೊಳ್ಳಿ. "ಪಿಒಡಿ ಕಳೆದಿದೆ, ಇನ್ನೊಂದು ತಂದುಕೊಡಿ" ಎಂದು ಅಹಮದಾಬಾದಿಗೆ ಕಳಿಸುವ ಆಫೀಸುಗಳೂ ಉಂಟು.

ಬೆಲ್ಲದ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಬೆಲ್ಲ ಗಾಳಿಯ ತೇವ ಹೀರುವ ಮಾಲು. ಮಳೆಗಾಲದಲ್ಲಿ ಟಾರ್ಪಾಲಿನೊಳಗೇ ಬೆವರಿ ತಳದ ಸಾಲು ಒಸರುತ್ತದೆ, ಬೇಸಿಗೆಯಲ್ಲಿ ಒಣಗಿ ತೂಕ ಕಳೆದುಕೊಳ್ಳುತ್ತದೆ. ಹಲಗೆಯ ಮೇಲೆ ಪ್ಲಾಸ್ಟಿಕ್ ಹಾಳೆ, ಮೇಲೆ ಎರಡು ಟಾರ್ಪಾಲು ಹಾಕದ ಲಾರಿಯವನದು ತಪ್ಪೇ. ಅದನ್ನು ಅವನು ತುಂಬಿಕೊಡಬೇಕು. ಆದರೆ ಲಾರಿ ದಾರಿಯಲ್ಲಿದ್ದ ನಾಲ್ಕೈದು ದಿನದಲ್ಲಿ ದರ ಇಳಿಯಿತೋ, ಅಂಥ ವಾರ ಹಸಿ ಮೂಟೆಗಳು ಇದ್ದಕ್ಕಿದ್ದಂತೆ ಜಾಸ್ತಿಯಾಗುತ್ತವೆ. ದರ ಏರಿದ ವಾರ ಒಸರಿದ ಬೆಲ್ಲವೂ ಒಳ್ಳೆ ಬೆಲ್ಲವೇ. ಎಳನೀರಿನಲ್ಲಿ ತೂಕದ ತಂಟೆ ಇಲ್ಲ, ಎಣಿಕೆಯದ್ದು. ಲೋಡ್ ಮಾಡುವಾಗ ಡ್ರೈವರ್ ನಿದ್ದೆ ಮಾಡಿದರೆ ಆ ಎಣಿಕೆ ಹಮಾಲಿಯವರ ಎಣಿಕೆ ಮಾತ್ರ ಆಗಿರುತ್ತದೆ.

ತೂಕದ ವ್ಯತ್ಯಾಸಕ್ಕೆ ಕಳ್ಳತನವೇ ಕಾರಣ ಎಂದುಕೊಳ್ಳುವವರು ವೇಬ್ರಿಡ್ಜ್, ಅಂದರೆ ಲಾರಿ ತೂಗುವ ಕಾಟಾದ ಬಗ್ಗೆ ತಿಳಿದುಕೊಳ್ಳಬೇಕಾದ್ದು ಇಷ್ಟು. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. 300 ಲೀಟರಿನ ಟ್ಯಾಂಕು ತುಂಬಿದರೆ 250 ಕೆ.ಜಿ. ಖಾಲಿ ಲಾರಿಯನ್ನು ತೂಗಿಸುವಾಗ ಟ್ಯಾಂಕಿನ ತಳದಲ್ಲಿ ಡೀಸೆಲ್ ಇದ್ದು, ಲೋಡ್ ಮಾಡುವ ಮುಂಚೆ ಬಂಕಿಗೆ ಹೋಗಿ ಟ್ಯಾಂಕ್ ತುಂಬಿಸಿ ಬಂದರೆ ಮಾಲಿನ ತೂಕದಲ್ಲಿ ಆ 250 ಕೆ.ಜಿ. ಸೇರಿಕೊಳ್ಳುತ್ತದೆ. ಅಲ್ಲಿ ಇಳಿಸುವಾಗ ಅದು 'ಶಾರ್ಟೇಜ್'. ಕೇರಳಕ್ಕಿಂತ ಇಲ್ಲಿ ಡೀಸೆಲ್ ಅಗ್ಗ ಎಂದು ಗುಂಡ್ಲುಪೇಟೆಯಲ್ಲಿ ಟ್ಯಾಂಕ್ ತುಂಬಿಸುವ ಲಾರಿಯಲ್ಲಿ ಲೋಡ್ ಆದ ಮೇಲೆ ಆ ಡೀಸೆಲ್ ಸೇರಿ ಒಟ್ಟು ತೂಕ ಮಿತಿ ದಾಟುವುದೂ ಉಂಟು. ಡ್ರೈವರ್, ಕ್ಲೀನರ್ ಕ್ಯಾಬಿನ್ನಿನಲ್ಲಿ ಕೂತರೋ ಇಳಿದರೋ ಎಂಬುದು 130 ಕೆ.ಜಿ. ಮಳೆಯಲ್ಲಿ ನೆಂದ ಟಾರ್ಪಾಲು ಇನ್ನಷ್ಟು. ಅದಕ್ಕೇ ನಿಯಮ ಸರಳ: ಖಾಲಿ ತೂಕ, ಲೋಡ್ ತೂಕ ಎರಡೂ ಒಂದೇ ವೇಬ್ರಿಡ್ಜ್‌ನಲ್ಲಿ, ನಡುವೆ ಡೀಸೆಲ್ ಹಾಕಿಸದೆ, ಎರಡು ಸಲವೂ ಜನ ಇಳಿದು ಆಗಬೇಕು. ಇಳಿಸುವ ಕಡೆಯೂ ಎರಡು ತೂಕ ಆಗಬೇಕು. ಇಲ್ಲಿನ ಲೋಡ್ ತೂಕಕ್ಕೆ ಅಲ್ಲಿನ ಲೋಡ್ ತೂಕವನ್ನು ಹೋಲಿಸಿ ಕಡಿತ ಮಾಡುವುದು ಲೆಕ್ಕವೇ ಅಲ್ಲ, ದಾರಿಯಲ್ಲಿ ಉರಿದ ಡೀಸೆಲ್ಲಿಗೂ ಲಾರಿಯವನಿಂದ ದುಡ್ಡು ಕೇಳಿದಂತೆ. ವೇಬ್ರಿಡ್ಜ್‌ಗಳಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೀಳಬೇಕು. ಆ ಪ್ರಮಾಣಪತ್ರ ಗೋಡೆಯ ಮೇಲೆ ಕಾಣದಿದ್ದರೆ ಕೇಳಿ. ಎರಡು ಸರಿಯಾದ ಕಾಟಾಗಳ ನಡುವೆಯೂ ಹತ್ತಿಪ್ಪತ್ತು ಕೆ.ಜಿ. ವ್ಯತ್ಯಾಸ ಬರುತ್ತದೆ. ಹಾಗಾಗಿ ಇಷ್ಟು ಕೆ.ಜಿ. ತನಕ ಕಡಿತವಿಲ್ಲ ಎಂಬುದು ಮೊದಲೇ ಬರೆದಿರಬೇಕು.

ಓವರ್‌ಲೋಡ್ ಕೂಡ ಇಲ್ಲೇ ಬರುತ್ತದೆ. "ಇನ್ನೆರಡು ಟನ್ ಹಾಕ್ಕೊಳ್ಳಿ, ಟನ್ನಿಗೆ ಅಷ್ಟೇ ರೇಟು ಕೊಡ್ತೀವಿ" ಎಂದರೆ ಹೆಚ್ಚು ಸಿಗುವುದು ಎಂಟೊಂಬತ್ತು ಸಾವಿರ. ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ ದಂಡ 20,000, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಎರಡು ಟನ್ನಿಗೆ 24,000 ಆಯಿತು. ಹೆಚ್ಚುವರಿ ಮಾಲು ಅಲ್ಲೇ ಇಳಿಸುವ ಖರ್ಚು ಬೇರೆ. ದಂಡ ಯಾರದು ಎಂದು ಫೋನಿನಲ್ಲಿ ಕೇಳಿದರೆ ಎಲ್ಲರೂ ನಮ್ಮದೇ ಎನ್ನುತ್ತಾರೆ.

ಕಾಗದದ ಮಾತಿಗೆ ಬರೋಣ. ಕಾರ್ಖಾನೆ ಮಾಲಿಗೆ 50,000 ರೂ. ಮೀರಿದರೆ ಈ-ವೇ ಬಿಲ್, ಅಂದರೆ ಜಿಎಸ್‌ಟಿಯ ಆನ್‌ಲೈನ್ ಸಾಗಣೆ ಚೀಟಿ ಬೇಕು, ಅದರಲ್ಲಿ ಲಾರಿ ನಂಬರ್, ಟ್ರಾನ್ಸ್‌ಪೋರ್ಟರ್ ಯಾರು ಎಂಬುದು ದಾಖಲಾಗುತ್ತದೆ. ಆದರೆ ನಮ್ಮ ಜಿಲ್ಲೆಯಿಂದ ಹೊರಡುವ ಮುಖ್ಯ ಮಾಲುಗಳಿಗೆ, ಅಂದರೆ ಪ್ಯಾಕ್ ಮಾಡದ ಬೆಲ್ಲ, 25 ಕೆ.ಜಿ. ಮೀರಿದ ಚೀಲದ ಅಕ್ಕಿ, ಎಳನೀರಿಗೆ, ತೆರಿಗೆಯೂ ಇಲ್ಲ, ಈ-ವೇ ಬಿಲ್ಲೂ ಬೇಕಿಲ್ಲ. (ಅಂಗಡಿಯಲ್ಲಿ 26 ಕೆ.ಜಿ. ಅಕ್ಕಿ ಚೀಲ ಏಕೆ ಬಂತು ಎಂದು ಕೇಳುವವರಿಗೆ ಉತ್ತರವೂ ಇದೇ.) ಆದ್ದರಿಂದ ಮಂಡ್ಯದಿಂದ ಹೊರಟ ಇಂಥ ಲೋಡಿಗೆ ಈ-ವೇ ಬಿಲ್ಲಿನ ಕಂಪ್ಯೂಟರಿನಲ್ಲಿ ಗುರುತು ಉಳಿಯುವುದಿಲ್ಲ. ಎಲ್‌ಆರ್ ಒಂದೇ ಆಧಾರ. ಅದನ್ನೂ ಹಲವರು ಬಿಳಿ ಚೀಟಿಯಲ್ಲಿ ಬರೆದು ಕಳಿಸುತ್ತಾರೆ.

2007ರ ರಸ್ತೆ ಸಾಗಣೆ ಕಾಯ್ದೆ 2011ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಬುಕಿಂಗ್ ಕಂಪನಿ, ಏಜೆಂಟ್, ಬ್ರೋಕರ್ ಕೂಡ 'ಸಾಮಾನ್ಯ ವಾಹಕ'ರೇ. ನೋಂದಣಿ ಇಲ್ಲದೆ ವ್ಯವಹಾರ ಮಾಡುವಂತಿಲ್ಲ, ಮಾಲಿನ ರಸೀದಿ ಮೂರು ಪ್ರತಿ ಮಾಡಬೇಕು. ಆ ರಸೀದಿಯಲ್ಲಿ ಬರೆದ ತೂಕ, ವಿವರ ಮೇಲ್ನೋಟದ ಸಾಕ್ಷಿ ಎಂದೂ ಕಾಯ್ದೆ ಹೇಳುತ್ತದೆ. ಮಾಲು ಹಾಳಾಯಿತು ಎಂದು ವಾಹಕರ ಮೇಲೆ ದಾವೆ ಹಾಕಬೇಕಾದರೆ ಬುಕಿಂಗ್ ಆದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಒಂದು ವರ್ಷದ ಹಿಂದಿನ ಡ್ಯಾಮೇಜನ್ನು ಈಗಿನ ಬ್ಯಾಲೆನ್ಸ್‌ನಲ್ಲಿ ಮುರಿಯುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಆ ನೋಟಿಸ್ ಎಲ್ಲಿ?

ಇನ್ನು ಕೈಯಿಂದ ಕೈಗೆ ದಾಟುವ ಲೋಡ್. ಲೋಡ್ ಸಿಕ್ಕಿದ್ದು ದೊಡ್ಡ ಟ್ರಾನ್ಸ್‌ಪೋರ್ಟ್‌ಗೆ, ಅವರು ಕೊಟ್ಟದ್ದು ಇನ್ನೊಬ್ಬ ಬ್ರೋಕರ್‌ಗೆ, ಅವನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ್ದನ್ನು ನೋಡಿ ಮೂರನೆಯವನು ಲಾರಿ ಹುಡುಕಿದ. ಎಲ್‌ಆರ್ ಮೊದಲನೆಯವರ ಹೆಸರಿನಲ್ಲಿ, ಮಾತು ಮೂರನೆಯವನ ಜೊತೆ. ಬ್ಯಾಲೆನ್ಸ್ ಕೇಳಲು ಹೋದರೆ ಮೊದಲನೆಯವರು "ನಾವು ಪೂರ್ತಿ ಕೊಟ್ಟಾಯ್ತು" ಎನ್ನುತ್ತಾರೆ, ಅದು ನಿಜವೇ ಇರುತ್ತದೆ. ಎರಡನೆಯವನು "ನೀವ್ಯಾರೋ ಗೊತ್ತಿಲ್ಲ" ಎನ್ನುತ್ತಾನೆ, ಅದೂ ನಿಜ. ಮೂರನೆಯವನ ಫೋನು ಸ್ವಿಚ್ ಆಫ್. ಹಗ್ಗ ಬಿಗಿಯುವ ಮುಂಚೆ ಎಲ್‌ಆರ್‌ನಲ್ಲಿ ಅಚ್ಚಾದ ನಂಬರಿಗೆ ಒಂದು ಫೋನ್ ಮಾಡಿ, ಈ ಲಾರಿಗೆ ಬ್ಯಾಲೆನ್ಸ್ ಕೊಡುವವರು ಯಾರು, ಎಷ್ಟು ಎಂದು ಕೇಳಿದರೆ ಇದರಲ್ಲಿ ಮುಕ್ಕಾಲು ಪಾಲು ತಪ್ಪುತ್ತದೆ. ಲೋಡ್ ಹತ್ತಿದ ಮೇಲೆ ಕೇಳಬಾರದು, ಆಗ ಲಾರಿಯವನ ಮಾತಿಗೆ ತೂಕ ಇರುವುದಿಲ್ಲ.

ಮೋಸ ಎರಡೂ ಕಡೆಯಿಂದ ಇದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಮಾಡಿ, ಮಾರುಕಟ್ಟೆಗಿಂತ ಟನ್ನಿಗೆ ಐನೂರು ಜಾಸ್ತಿ ಹೇಳಿ, ಗೇಟ್ ಪಾಸ್‌ಗೆಂದು ಎರಡು ಮೂರು ಸಾವಿರ ಮೊದಲು ಹಾಕಿ ಎನ್ನುವವನ ಹತ್ತಿರ ಲೋಡ್ ಇರುವುದಿಲ್ಲ. ಲೋಡ್ ಕೊಡುವ ಮುಂಚೆಯೇ ಲಾರಿಯವರಿಂದ ದುಡ್ಡು ಕೇಳುವ ಪದ್ಧತಿ ಈ ವ್ಯವಹಾರದಲ್ಲಿ ಇಲ್ಲ. ಕಳಿಸಿದ್ದೇವೆ ಎಂದು ತೋರಿಸುವ ಯುಪಿಐ ಸ್ಕ್ರೀನ್‌ಶಾಟ್ ದುಡ್ಡಲ್ಲ. ಬ್ಯಾಂಕ್ ಆ್ಯಪ್ ತೆಗೆದು ದುಡ್ಡು ಖಾತೆಗೆ ಬಂದದ್ದನ್ನು ನೋಡಿದ ಮೇಲೆ ಲಾರಿ ಹೊರಡಲಿ. ಇತ್ತ ಬ್ರೋಕರ್‌ಗಳ ಗೋಳು: ಅಡ್ವಾನ್ಸ್ ತೆಗೆದುಕೊಂಡು ಹೆಚ್ಚು ಬಾಡಿಗೆ ಸಿಕ್ಕ ಕಡೆ ಹೋಗುವ ಲಾರಿ, ಬೇರೆ ಲಾರಿಯ ನಂಬರ್ ಪ್ಲೇಟು ಹಾಕಿಕೊಂಡು ಮಾಲು ತುಂಬಿಸಿಕೊಂಡು ಕಾಣೆಯಾಗುವ ಲಾರಿ. ಆರ್‌ಸಿಯ ಫೋಟೊ ನೋಡಿದರೆ ಸಾಲದು. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಇನ್ಸೂರೆನ್ಸ್, ಎಫ್‌ಸಿ ನೋಡಿ, ಚಾಸಿಸ್ ಮೇಲೆ ಕೊರೆದ ಅಂಕಿಯ ಕೊನೆಯ ಐದನ್ನು ಆರ್‌ಸಿಯಲ್ಲಿ ಇರುವುದಕ್ಕೆ ಹೋಲಿಸಬೇಕು. ಡ್ರೈವರನ್ನು ಲಾರಿ ಮುಂದೆ ನಿಲ್ಲಿಸಿ ಒಂದು ಫೋಟೊ ತೆಗೆದುಕೊಳ್ಳಬೇಕು. ಬ್ರೋಕರ್ ಕೊಡುವ ಜಿಎಸ್‌ಟಿ ನಂಬರನ್ನೂ ಹೀಗೇ ಜಿಎಸ್‌ಟಿ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ನೋಂದಣಿ ರದ್ದಾಗಿದ್ದರೆ ಅಲ್ಲೇ ಬರೆದಿರುತ್ತದೆ.

ಹಾಲ್ಟಿಂಗ್, ಅಂದರೆ ಲಾರಿ ಕಾಯಿಸಿದ್ದಕ್ಕೆ ಕೊಡುವ ದುಡ್ಡಿನ ಬಗ್ಗೆ ಮೈಸೂರಿನ ಕಡೆಯವರಿಗೆ ಒಂದು ವಿಶೇಷ ತೊಡಕಿದೆ. ಕೇರಳಕ್ಕೆ ಹೋಗುವ ಬಂಡೀಪುರದ ಕಾಡಿನ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುತ್ತದೆ. ನಂಜನಗೂಡಿನಲ್ಲಿ ಬೆಳಿಗ್ಗೆ ಗೇಟಿಗೆ ಬಂದ ಲಾರಿಗೆ ಲೋಡ್ ಮುಗಿಸಿ ರಾತ್ರಿ ತಡವಾಗಿ ಬಿಟ್ಟರೆ, ಗುಂಡ್ಲುಪೇಟೆಯಲ್ಲಿ ರಾತ್ರಿ ನಿಲ್ಲಬೇಕು, ಇಲ್ಲವೇ ಹುಣಸೂರು, ಗೋಣಿಕೊಪ್ಪ, ಕುಟ್ಟದ ಸುತ್ತು ಹಾಕಬೇಕು. ಆ ಸುತ್ತಿನ ಡೀಸೆಲ್ ಯಾರದು ಎಂದು ಯಾರೂ ಮೊದಲು ಮಾತಾಡಿರುವುದಿಲ್ಲ. ಲೋಡ್ ಮಾಡಲು ತಡಮಾಡಿದ್ದು ಕಾರ್ಖಾನೆ, ಲೇಟ್ ಎಂದು ಕಡಿತ ಆಗುವುದು ಲಾರಿಯವನಿಗೆ. ಗೇಟ್ ಎಂಟ್ರಿ ಸ್ಲಿಪ್‌ನಲ್ಲಿ ಒಳಹೋದ ಗಂಟೆ, ಹೊರಬಂದ ಗಂಟೆ ಎರಡನ್ನೂ ಹಾಕಿಸಿಕೊಳ್ಳಬೇಕು. ಹೆದ್ದಾರಿಯಲ್ಲಿ ಬಂದವರಿಗೆ ಇನ್ನೊಂದು ಸಾಕ್ಷಿ ಪುಕ್ಕಟೆ ಸಿಗುತ್ತದೆ: ಗಣಂಗೂರು ಟೋಲ್ ದಾಟಿದಾಗ ಮೊಬೈಲಿಗೆ ಬರುವ ಫಾಸ್ಟ್ಯಾಗ್ ಸಂದೇಶದಲ್ಲಿ ಊರು, ತಾರೀಖು, ನಿಮಿಷ ಎಲ್ಲ ಇರುತ್ತದೆ. ಅದನ್ನು ಅಳಿಸಬೇಡಿ.

ಈ ಎಲ್ಲದಕ್ಕೂ ವಕೀಲರ ಕರಾರು ಬೇಕಿಲ್ಲ. ಲೋಡ್ ಆಗುವ ಮುಂಚೆ ಬ್ರೋಕರ್ ತನ್ನ ನಂಬರಿನಿಂದ ಒಂದು ಸಂದೇಶ ಕಳಿಸಿ, ಮಾಲೀಕ 'ಒಪ್ಪಿಗೆ' ಎಂದು ಉತ್ತರಿಸಿದರೆ ಸಾಕು. ನಾವು ಕೆಲವರು ಒಪ್ಪಿಕೊಂಡ ನಮೂನೆ ಹೀಗಿದೆ: "ಲಾರಿ ನಂಬರ್. ಮಂಡ್ಯದಿಂದ ಅಹಮದಾಬಾದ್. ಬೆಲ್ಲ, 18 ಟನ್. ಬಾಡಿಗೆ 80,000. ಕಮಿಷನ್ 2,000 ಅಡ್ವಾನ್ಸ್‌ನಲ್ಲಿ ಕಡಿತ. ಅಡ್ವಾನ್ಸ್ 62,000 ಮಾಲೀಕರ ಖಾತೆಗೆ. ಬ್ಯಾಲೆನ್ಸ್ 16,000, ಪಿಒಡಿ ಫೋಟೊ ಬಂದ 7 ದಿನದೊಳಗೆ, ಕೊಡುವವರು ನಾವೇ. ಗೇಟ್ ಎಂಟ್ರಿಯಾಗಿ 24 ಗಂಟೆ ಮೀರಿದರೆ ಹಾಲ್ಟಿಂಗ್ ದಿನಕ್ಕೆ 2,500, ಭಾನುವಾರವೂ ಸೇರಿ. ತೂಕ ವ್ಯತ್ಯಾಸ 90 ಕೆ.ಜಿ. ತನಕ ಕಡಿತ ಇಲ್ಲ. ಇಳಿಸುವ ಹಮಾಲಿ ಪಾರ್ಟಿಯದು. ಓವರ್‌ಲೋಡ್ ದಂಡ ಲೋಡ್ ಮಾಡಿಸಿದವರದು." 90 ಕೆ.ಜಿ. ಅಂದರೆ 18 ಟನ್ನಿಗೆ ಶೇ ಅರ್ಧ. ಮಾಲು ನೋಡಿ ಇದನ್ನು ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. 'ಮಾಲೀಕರ ಖಾತೆಗೆ' ಎಂಬ ಮಾತು ಸುಮ್ಮನೆ ಇಟ್ಟದ್ದಲ್ಲ. ಡ್ರೈವರ್‌ಗೆ ಎಷ್ಟು, ಮಾಲೀಕರಿಗೆ ಎಷ್ಟು ಹೋಯಿತು ಎಂಬ ಜಗಳದಲ್ಲಿ ಬ್ರೋಕರ್ ಸಿಕ್ಕಿಕೊಳ್ಳುವುದು ಇದರಿಂದ ತಪ್ಪುತ್ತದೆ.

ನಗದಿನ ವಿಷಯ ಚಿಕ್ಕದು. ಲಾರಿ ಬಾಡಿಗೆಗೆ ಒಬ್ಬರಿಗೆ ದಿನಕ್ಕೆ 35,000 ಮೀರಿ ನಗದು ಕೊಟ್ಟರೆ ಕೊಟ್ಟವರು ಅದನ್ನು ಖರ್ಚೆಂದು ತೋರಿಸಲಾಗುವುದಿಲ್ಲ. ಅಡ್ವಾನ್ಸ್‌ನಲ್ಲಿ ಒಂದು ಪಾಲು ನಗದು, ಉಳಿದದ್ದು ಬಂಕಿನ ಡೀಸೆಲ್ ಚೀಟಿ ಎಂದು ಒಡೆಯುವುದಕ್ಕೆ ಇದೂ ಒಂದು ಕಾರಣ. ಚೀಟಿ ಒಪ್ಪುವುದಾದರೆ ಲೀಟರಿನ ಲೆಕ್ಕದಲ್ಲಿ ಒಪ್ಪಿ, ಬಂಕಿನ ಪ್ರಿಂಟ್ ಬಿಲ್ ಇಸ್ಕೊಳ್ಳಿ.

ಟಿಡಿಎಸ್‌ನಲ್ಲಿ ಆಗುವ ಅನ್ಯಾಯ ಅರಿವಿಲ್ಲದ್ದರಿಂದ ಆಗುವಂಥದ್ದು. ಹತ್ತು ಅಥವಾ ಅದಕ್ಕಿಂತ ಕಡಿಮೆ ಲಾರಿ ಇರುವ ಮಾಲೀಕರು ಪ್ಯಾನ್ ನಂಬರ್ ಜೊತೆ ಒಂದು ಘೋಷಣಾ ಪತ್ರ ಕೊಟ್ಟರೆ ಟಿಡಿಎಸ್ ಹಿಡಿಯುವಂತಿಲ್ಲ. ನಮ್ಮವರೆಲ್ಲ 194ಸಿ ಎಂದು ಕರೆಯುವುದು ಇದನ್ನೇ. ಪ್ಯಾನ್ ಕೊಡದಿದ್ದರೆ ಶೇ 1ರ ಜಾಗದಲ್ಲಿ ಶೇ 20 ಹೋಗುತ್ತದೆ. ಪತ್ರವನ್ನು ಪ್ರತಿ ಹಣಕಾಸು ವರ್ಷದ ಶುರುವಿನಲ್ಲಿ ಪ್ರತಿ ಆಫೀಸಿಗೂ ಕೊಟ್ಟು, ಒಂದು ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ. ಟಿಡಿಎಸ್ ಎಂದು ಹಿಡಿದು ಸರ್ಕಾರಕ್ಕೆ ಕಟ್ಟದೆ ಇರುವವರೂ ಇದ್ದಾರೆ. ಇನ್ಕಂ ಟ್ಯಾಕ್ಸ್ ಪೋರ್ಟಲ್‌ನಲ್ಲಿ ನಿಮ್ಮ ಪ್ಯಾನ್ ಹೆಸರಿನಲ್ಲಿ ಆ ಮೊತ್ತ ಕಾಣದಿದ್ದರೆ, ಅದು ಟಿಡಿಎಸ್ ಅಲ್ಲ, ಕಡಿತ.

ತಡವಾದ ಬ್ಯಾಲೆನ್ಸ್‌ಗೆ ಬಹಳ ಮಾಲೀಕರಿಗೆ ತಿಳಿಯದ ಒಂದು ದಾರಿ ಇದೆ. ಸರಕು ಸಾಗಣೆಯೂ ಸೇವೆ. ಒಂದೇ ಲಾರಿ ಇದ್ದರೂ ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಪುಕ್ಕಟೆಯಾಗಿ ಕಿರು ಉದ್ಯಮ ಎಂದು ನೋಂದಾಯಿಸಬಹುದು. ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಸಾಕು. ಇದಕ್ಕೆ ಸಾವಿರ ರೂಪಾಯಿ ಕೇಳುವವರಿಗೆ ಕೊಡಬೇಡಿ. ಸಣ್ಣ ಉದ್ಯಮಗಳಿಗೆಂದು ಇರುವ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಬರೆದ ಒಪ್ಪಂದ ಇಲ್ಲದಿದ್ದರೆ 15 ದಿನಕ್ಕೆ, ಇದ್ದರೂ ಹೆಚ್ಚೆಂದರೆ 45 ದಿನಕ್ಕೆ ದುಡ್ಡು ಕೊಡಬೇಕು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. ದೂರನ್ನು ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ಹಾಕಬಹುದು. ನೋಂದಣಿ ಆದ ನಂತರದ ಟ್ರಿಪ್ಪುಗಳಿಗೆ ಇದನ್ನು ನಂಬಬಹುದು, ಹಳೆ ಬಾಕಿಗೂ ಸಿಗುತ್ತದೆ ಎಂದು ಹೇಳಲಾಗದು. ಜೊತೆಗೆ, ಕಿರು ಮತ್ತು ಸಣ್ಣ ಉದ್ಯಮಕ್ಕೆ ಈ ಗಡುವಿನೊಳಗೆ ಕೊಡದ ಮೊತ್ತವನ್ನು ಕೊಡುವವರೆಗೂ ಖರ್ಚೆಂದು ತೋರಿಸುವಂತಿಲ್ಲ ಎಂದು ಆದಾಯ ತೆರಿಗೆಯಲ್ಲೂ ನಿಯಮ ಬಂದಿದೆ. ಅದಕ್ಕಾಗಿ ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಅಚ್ಚು ಹಾಕಿಸಿ. ವರ್ಷದ ಲೆಕ್ಕ ಮುಗಿಸುವ ಮಾರ್ಚ್ ತಿಂಗಳಲ್ಲಿ ಆ ನಂಬರ್ ಮಾಡುವ ಕೆಲಸವನ್ನು ಹತ್ತು ಫೋನು ಮಾಡುವುದಿಲ್ಲ. ಇದು ಬ್ರೋಕರ್‌ಗಳಿಗೂ ಅನ್ವಯಿಸುತ್ತದೆ: 60 ದಿನಕ್ಕೆ ಬಿಲ್ಲು ಪಾಸು ಮಾಡುವ ಕಾರ್ಖಾನೆಯ ಮೇಲೆ ಅವರೂ ಇದೇ ಕಾಯ್ದೆ ಹಿಡಿಯಬಹುದು. ಹಿಡಿಯುವುದಿಲ್ಲ, ಏಕೆಂದರೆ ದೂರು ಕೊಟ್ಟವನಿಗೆ ಮರುದಿನದಿಂದ ಲೋಡ್ ಇಲ್ಲ ಎಂಬ ಭಯ. ಲಾರಿಯವನಿಗೆ ಬ್ರೋಕರ್ ಮೇಲೆ ಇರುವ ಭಯವೂ ಅದೇ.

ಚೆಕ್ ಕೊಟ್ಟರೆ ತಾರೀಖಿನಿಂದ 3 ತಿಂಗಳೊಳಗೆ ಹಾಕಬೇಕು. ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸ್, ಅದು ತಲುಪಿದ 15 ದಿನ ಕಾದು, ಆಮೇಲೆ ಒಂದು ತಿಂಗಳೊಳಗೆ ಕೋರ್ಟಿಗೆ. "ಇನ್ನೊಂದು ಸಲ ಹಾಕಿ ನೋಡಿ" ಎಂಬ ಮಾತು ಕೇಳುತ್ತಾ ಕೂತರೆ ಗಡುವು ಕಳೆದುಹೋಗುತ್ತದೆ.

ದುಡ್ಡು ಬಂದಿಲ್ಲ ಎಂದು ಮಾಲನ್ನೇ ಹಿಡಿದು ನಿಲ್ಲಿಸುವುದರ ಬಗ್ಗೆ ನಮ್ಮೊಳಗೇ ಒಮ್ಮತ ಇಲ್ಲ. ಆ ಲೋಡಿನದ್ದೇ ಬಾಡಿಗೆ ಬಾಕಿ ಇದ್ದರೆ ಕೊಡುವವರೆಗೆ ಇಳಿಸುವುದಿಲ್ಲ ಎನ್ನಲು ವಾಹಕನಿಗೆ ಒಂದು ಮಟ್ಟಿಗೆ ಹಕ್ಕಿದೆ. ಹಳೆ ಬಾಕಿಗೆ ಹೊಸ ಲೋಡ್ ಹಿಡಿಯುವುದು, ಮಾಲನ್ನು ಬೇರೆ ಕಡೆ ಇಳಿಸುವುದು, ಮಾರುವುದು ಬೇರೆ ಮಾತು. ಅದು ವಾಹಕನ ನಂಬಿಕೆ ದ್ರೋಹವಾಗಿ ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್ ಕೆಳಗೆ ಬರಬಹುದು, 7 ವರ್ಷದವರೆಗೆ ಶಿಕ್ಷೆ ಇದೆ. ಹದಿನಾರು ಸಾವಿರದ ಬಾಕಿಗೆ ಡ್ರೈವರ್ ಠಾಣೆಯಲ್ಲಿ ಕೂರುವಂತಾಗುತ್ತದೆ, ಮಾಲಿನ ಮಾಲೀಕನಿಗಂತೂ ಈ ಬಾಕಿಯ ಸುದ್ದಿಯೇ ಗೊತ್ತಿರುವುದಿಲ್ಲ. ಹಿಡಿಯಲೇಬೇಕಾದರೆ ಮೊದಲು ಮಾಲು ಕಳಿಸಿದವರಿಗೂ ಪಡೆಯುವವರಿಗೂ ಬರಹದಲ್ಲಿ ತಿಳಿಸಿ, ಲಾರಿ ಎಲ್ಲಿದೆ ಎಂದು ಹೇಳಿಯೇ ಹಿಡಿಯಬೇಕು.

ನಾವು ಕೇಳುವುದು ಹೆಚ್ಚೇನಲ್ಲ. ಮಂಡ್ಯ, ಮದ್ದೂರು, ಬಂಡೀಪಾಳ್ಯದ ಎಪಿಎಂಸಿ ಗೇಟಿನಲ್ಲಿ ಹೊರಹೋಗುವ ಲಾರಿಯ ನಂಬರ್ ಬರೆದುಕೊಳ್ಳುವಾಗ ಎಲ್‌ಆರ್ ಇದೆಯೇ, ಅದರಲ್ಲಿ ಬಾಡಿಗೆ, ಅಡ್ವಾನ್ಸ್, ಬ್ಯಾಲೆನ್ಸ್ ಕೊಡುವವರ ಹೆಸರು ಇದೆಯೇ ಎಂದು ನೋಡಲಿ, ಬಿಳಿ ಚೀಟಿಯ ಲಾರಿಯನ್ನು ಬಿಡದಿರಲಿ. ಸಾಮಾನ್ಯ ವಾಹಕರಾಗಿ ನೋಂದಾಯಿಸಿಕೊಂಡ ಆಫೀಸುಗಳ ಪಟ್ಟಿಯನ್ನು ಸಾರಿಗೆ ಇಲಾಖೆ ಮಂಡ್ಯ, ಮೈಸೂರಿನ ಆರ್‌ಟಿಒ ಕಚೇರಿಗಳಲ್ಲಿ ತಿಂಗಳಿಗೊಮ್ಮೆ ಅಂಟಿಸಲಿ. ಕಾರ್ಖಾನೆಗಳು ಸಾಗಣೆ ಬಿಲ್ಲನ್ನು 45 ದಿನದೊಳಗೆ ಪಾಸು ಮಾಡಲಿ. ಬ್ರೋಕರ್ ಕೈಯಲ್ಲಿ ದುಡ್ಡಿದ್ದರೆ ಲಾರಿಯವನ ಬ್ಯಾಲೆನ್ಸಿನ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ವೇಬ್ರಿಡ್ಜ್‌ನವರು ಒಂದೇ ಚೀಟಿಯಲ್ಲಿ ಖಾಲಿ ತೂಕ, ಲೋಡ್ ತೂಕ, ಎರಡರ ಗಂಟೆಯನ್ನೂ ಪ್ರಿಂಟ್ ಮಾಡಲಿ. ಈಗ ಖಾಲಿ ತೂಕವನ್ನು ಹಲವು ಕಡೆ ಹಿಂದಿನ ವಾರದ ನೆನಪಿನಿಂದ ಬೆರಳಲ್ಲಿ ಒತ್ತಿ ಹಾಕುತ್ತಿದ್ದಾರೆ.

ಇತಿ,
ಕೆಲವು ಲಾರಿ ಮಾಲೀಕರು ಮತ್ತು ಬುಕಿಂಗ್ ಆಫೀಸಿನವರು,
ಮಂಡ್ಯ